ದಿಣ್ಣೆ ಮೇಲಿನ ಹೊಲದಲ್ಲಿ ಗಾಳಿ ಫ್ಯಾನ್ ಹಾಕಿಸಬಹುದಾ? ಅಡ್ವಾನ್ಸ್ ಕೇಳುತ್ತಿದ್ದಾರೆ

ಮೇಲುಕೋಟೆರಸ್ತೆ | ಜೂನ್ 30, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನವನು. ನಾಲೆ ಬಯಲಿನಲ್ಲಿ ಒಂದೂವರೆ ಎಕರೆ ಗದ್ದೆ ಇದೆ. ಅದು ಬಿಟ್ಟರೆ ಮೇಲುಕೋಟೆ ಕಡೆ ದಿಣ್ಣೆ ಮೇಲೆ ಎರಡು ಎಕರೆ ಹೊಲ. ಅಲ್ಲಿ ರಾಗಿ, ಹುರುಳಿ ಬಿಟ್ಟರೆ ಬೇರೇನೂ ಕೈಗೆ ಬರುವುದಿಲ್ಲ. ಈಗ ಆಷಾಢ ಅಲ್ವಾ, ಆ ದಿಣ್ಣೆ ಮೇಲೆ ನಿಂತರೆ ಹೆಗಲ ಮೇಲೆ ಟವೆಲ್ ನಿಲ್ಲುವುದಿಲ್ಲ. ಅಷ್ಟು ಗಾಳಿ.

ಹೋದ ವಾರ ಒಬ್ಬ ಏಜೆಂಟ್ ಬಂದಿದ್ದ. ಗಾಳಿಯಿಂದ ಕರೆಂಟ್ ತೆಗೆಯುವ 1 ಕಿಲೋವ್ಯಾಟಿನ ಫ್ಯಾನು, ಬ್ಯಾಟರಿ, ಇನ್ವರ್ಟರ್ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಅಂದ. ಈಗ ನಲವತ್ತು ಸಾವಿರ ಕೊಟ್ಟರೆ ಶ್ರಾವಣಕ್ಕೆ ಕಂಬ ನಿಲ್ಲಿಸಿ ಕೊಡುತ್ತಾನಂತೆ. ಬೋರ್‌ವೆಲ್ ಮೋಟರೂ ಓಡುತ್ತದೆ ಅಂತ ಹೇಳಿದ. ತ್ರೀ ಫೇಸ್ ಕರೆಂಟಿಗೆ ಕಾದು, ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ಹೊಲಕ್ಕೆ ಹೋಗುವ ಕಷ್ಟ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಮನಸ್ಸು ಆ ಕಡೆ ವಾಲುತ್ತಿದೆ.

ಒಂದೇ ಅನುಮಾನ. ಮೇ ಕೊನೆಯಲ್ಲಿ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಸಾಲಾಗಿ ಫ್ಯಾನುಗಳು. ಮಗಳು ಬಸ್ಸಿನ ಕಿಟಕಿಯಿಂದ ಎಣಿಸಿದಳು. ಹದಿನಾಲ್ಕರಲ್ಲಿ ಆರು ನಿಂತೇ ಇದ್ದವು. ಅಷ್ಟು ದೊಡ್ಡವೇ ನಿಂತಿದ್ದರೆ ನಮ್ಮ ದಿಣ್ಣೆಯದು ತಿರುಗುತ್ತದಾ? ಬಲ್ಲವರು ಹೇಳಿ.

ಮದ್ದೂರ್‌ವಡೆ | ಜೂನ್ 30, ರಾತ್ರಿ 9:20

ಫ್ಯಾನ್ ನಿಂತಿದೆ ಅಂದರೆ ಕರೆಂಟ್ ಹೋಗಿದೆ ಅಂತ ಅಣ್ಣ. ನಮ್ಮನೆಯಲ್ಲೂ ಹಾಗೇ.

ಟವರ್‌ಹತ್ತಿದವ | ಜೂನ್ 30, ರಾತ್ರಿ 10:05

ವಡೆ ತಮಾಷೆಗೆ ಬರೆದಿದ್ದಾರೆ, ಆದರೆ ಅದು ನಿಜ! ಗುಡ್ಡದ ಮೇಲಿನ ಮಿಷಿನ್ನು ಊರಿನ ಲೈನಿನ ತಾಳಕ್ಕೆ ತಾಳ ಹಾಕಿಕೊಂಡು ಓಡುತ್ತದೆ. ಲೈನ್ ಟ್ರಿಪ್ ಆದರೆ ಬ್ಲೇಡನ್ನು ತಿರುಚಿ, ಗಾಳಿಗೆ ಬರೀ ಅಂಚು ತೋರಿಸಿ ನಿಂತುಬಿಡುತ್ತದೆ. ಕರೆಂಟ್ ಹುಟ್ಟುವ ಜಾಗದಲ್ಲೇ ಕರೆಂಟ್ ಇಲ್ಲದೆ ನಾವು ಟಾರ್ಚ್ ಹಿಡಿದು ಕೂತ ದಿನಗಳಿವೆ.

ನಾನು ಚಿತ್ರದುರ್ಗ, ಗದಗ ಕಡೆ ಹನ್ನೊಂದು ವರ್ಷ ಮೇಂಟೆನೆನ್ಸ್ ಕೆಲಸ ಮಾಡಿದವನು. ಈಗ ಮೈಸೂರು ಶ್ರೀರಾಂಪುರದಲ್ಲಿ ಮನೆ. ನಿಮ್ಮ ಮಗಳು ಎಣಿಸಿದ ಆರು ಯಾಕೆ ನಿಂತಿದ್ದವು ಅಂತ ಬಸ್ಸಿನಿಂದ ನೋಡಿ ಹೇಳಲು ಆಗುವುದಿಲ್ಲ. ಗಾಳಿ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಬಂದರೆ ಮಾತ್ರ ಕರೆಂಟ್ ಶುರು. ಹನ್ನೊಂದರಿಂದ ಹದಿಮೂರು ಮೀಟರಿಗೆ ಫುಲ್ ಲೋಡ್. ಇಪ್ಪತ್ತೈದು ದಾಟಿದರೆ, ಅಂದರೆ ಗಂಟೆಗೆ 90 ಕಿಲೋಮೀಟರ್, ತಾನೇ ನಿಲ್ಲುತ್ತದೆ. ಇಲ್ಲದಿದ್ದರೆ ಮುರಿಯುತ್ತದೆ. ಒಂದೇ ಗುಡ್ಡದಲ್ಲಿ ತುದಿಯಲ್ಲಿರುವುದಕ್ಕೆ ಗಾಳಿ ಸಿಗುತ್ತದೆ, ಮರೆಯಲ್ಲಿರುವುದಕ್ಕೆ ಸಿಗುವುದಿಲ್ಲ. ಮೇ ತಿಂಗಳು ಅಂದರೆ ಮಳೆಗಾಲಕ್ಕೆ ಮುಂಚೆ ಸರ್ವಿಸ್ ಮುಗಿಸುವ ಗಡಿಬಿಡಿ ಬೇರೆ. ಹಳೇ ಮಿಷಿನ್ನಾದರೆ ಸ್ಪೇರ್ ಸಿಗದೆ ತಿಂಗಳುಗಟ್ಟಲೆ ನಿಂತದ್ದೂ ನೋಡಿದ್ದೇನೆ. ಇನ್ನು ಕೆಲವು ಸಲ ಗಾಳಿ ಚೆನ್ನಾಗಿಯೇ ಇರುತ್ತದೆ, ಲೈನು ಹೊರಲು ಆಗುವುದಿಲ್ಲ, ಕಡಿಮೆ ಮಾಡಿ ಅಂತ ಫೋನ್ ಬರುತ್ತದೆ. ಅದು ಹೊಟ್ಟೆ ಉರಿಯುವ ಕೆಲಸ.

ನಮಗೆ ಆಷಾಢ ಅಂದರೆ ಸುಗ್ಗಿ. ವರ್ಷದ ಕರೆಂಟಿನಲ್ಲಿ ಹೆಚ್ಚುಪಾಲು ಮೇಯಿಂದ ಸೆಪ್ಟೆಂಬರ್ ಒಳಗೇ ಬರುತ್ತದೆ. ಆಗ ರಜೆ ಕೇಳುವಂತಿಲ್ಲ. ನನಗೆ ಮದುವೆಯಾದ ಮೊದಲ ಆಷಾಢ, ಅವಳು ತವರಿಗೆ, ನಾನು ಟವರಿಗೆ. 80 ಮೀಟರ್ ಏಣಿ, ಸೊಂಟಕ್ಕೆ ಬೆಲ್ಟು, ಬೆನ್ನಿಗೆ ಸ್ಪ್ಯಾನರ್ ಚೀಲ. ಅರ್ಧ ದಾರಿಯಲ್ಲಿ ಒಂದು ಕಟ್ಟೆಯಿದೆ, ಅಲ್ಲಿ ಉಸಿರು ಬಿಟ್ಟುಕೊಳ್ಳಬೇಕು. ಮೇಲೆ ಮಿನಿ ಬಸ್ಸಿನಷ್ಟು ಕೋಣೆ, ಒಳಗೆ ಗೇರ್ ಎಣ್ಣೆ ವಾಸನೆ, ಸೆಕೆ. ಗಾಳಿ ಜೋರಾದರೆ ಇಡೀ ಟವರ್ ತೂಗುತ್ತದೆ, ಪಕ್ಕದಲ್ಲಿಟ್ಟ ಬಾಟಲಿಯ ನೀರು ಆಚೀಚೆ ಆಡುವುದು ಕಾಣುತ್ತದೆ. ಹೊರಗೆ ಬ್ಲೇಡು ನಿಮಿಷಕ್ಕೆ ಹದಿನೈದೇ ಸುತ್ತು, ನೋಡಿದರೆ ಆಮೆ. ಆದರೆ ಉದ್ದ ಎಷ್ಟು ನೋಡಿ! ಅದರ ತುದಿ ಗಂಟೆಗೆ 200 ಕಿಲೋಮೀಟರ್ ಮೇಲೆ ಓಡುತ್ತಿರುತ್ತದೆ. ಒಳಗೆ ಗೇರ್ ಬಾಕ್ಸ್ ದಾಟಿ ಜನರೇಟರಿಗೆ ಬರುವಷ್ಟರಲ್ಲಿ ಆ ಹದಿನೈದು ಸುತ್ತು 1500ರ ಹತ್ತಿರ ಆಗಿರುತ್ತದೆ.

ಏಜೆಂಟ್ ವಿಷಯ. ನಿಮ್ಮ ಮೋಟರ್ ಎಷ್ಟು ಎಚ್‌ಪಿ? 5 ಇದ್ದರೆ ಅದಕ್ಕೆ 3.7 ಕಿಲೋವ್ಯಾಟ್ ಬೇಕು. ಸ್ಟಾರ್ಟ್ ಆಗುವಾಗ ಅದರ ಕೆಲವು ಪಟ್ಟು ಎಳೆಯುತ್ತದೆ. 1 ಕಿಲೋವ್ಯಾಟ್ ಫ್ಯಾನು ಅದನ್ನು ಓಡಿಸುತ್ತದೆ ಅನ್ನುವುದು, ಮೇಕೆ ಕಟ್ಟಿ ಕಬ್ಬಿನ ಗಾಡಿ ಎಳೆಸಿದ ಹಾಗೆ. ಅಡ್ವಾನ್ಸ್ ಕೊಡಬೇಡಿ.

ಮೇಲುಕೋಟೆರಸ್ತೆ | ಜುಲೈ 1, ಬೆಳಗ್ಗೆ 6:40

ತುಂಬಾ ಥ್ಯಾಂಕ್ಸ್ ಅಣ್ಣ. ಮೋಟರ್ 7.5 ಎಚ್‌ಪಿ. ಅಲ್ಲಿಗೆ ಮೋಟರ್ ಕಥೆ ಮುಗಿಯಿತು. ಆದರೂ ಗಾಳಿ ಇದೆಯಲ್ಲ, ಸುಮ್ನೆ ಹೋಗುತ್ತಿದೆ ಅಂತ ಹೊಟ್ಟೆ ಚುರ್ ಅನ್ನುತ್ತದೆ. ನಮ್ಮ ತಾತ ಅದೇ ದಿಣ್ಣೆ ಮೇಲೆ ಕಣ ಮಾಡುತ್ತಿದ್ದದ್ದು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ನಿಜವಾಗಿ ಹಾಗೇ. ಮನೆಯ ಲೈಟು, ಫ್ಯಾನು, ಟಿವಿಗಾದರೂ ಸಾಕಾಗುವುದಿಲ್ಲವಾ?

ಸೀಮೆಸುಣ್ಣ | ಜುಲೈ 1, ಮಧ್ಯಾಹ್ನ 1:30

ಮೈಸೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳುವವನು ನಾನು. ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ.

ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು. ವೇಗದ ಘನ. ಇದೊಂದು ಗೊತ್ತಾದರೆ ಗಾಳಿ ವ್ಯವಹಾರದ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಸೆಕೆಂಡಿಗೆ 5 ಮೀಟರ್ ಬೀಸುವ ಜಾಗಕ್ಕೂ 6 ಮೀಟರ್ ಬೀಸುವ ಜಾಗಕ್ಕೂ ಮೈಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ 125ಕ್ಕೂ 216ಕ್ಕೂ ಇರುವ ವ್ಯತ್ಯಾಸ ಅದು. ಗುಡ್ಡ ಹುಡುಕಿಕೊಂಡು, ನೂರು ಮೀಟರ್ ಮೇಲೆ ಟವರ್ ಎತ್ತಿ, ಒಂದೊಂದು ಮೀಟರಿಗೆ ಒದ್ದಾಡುವುದು ಇದಕ್ಕೇ. ನೆಲದ ಹತ್ತಿರ ಮರ, ಮನೆ, ಬದು ಎಲ್ಲ ಗಾಳಿಯ ಕಾಲು ಹಿಡಿಯುತ್ತವೆ. ಮೇಲೆ ಹೋದಷ್ಟೂ ಅದು ನಿರಾಳ.

ಇನ್ನೊಂದು, ರೆಕ್ಕೆ ಸವರುವ ಜಾಗ. ಏಜೆಂಟರು ಮಾರುವ ಚಿಕ್ಕ 400 ವ್ಯಾಟಿನದರ ಅಡ್ಡಳತೆ ಸುಮಾರು 1.4 ಮೀಟರ್ ಇರುತ್ತದೆ. ಆ 400 ವ್ಯಾಟ್ ಬರುವುದು ಗಾಳಿ 11 ಮೀಟರ್ ವೇಗದಲ್ಲಿ ಬೀಸಿದಾಗ. ಅದೇ ಗಾಳಿ 3 ಮೀಟರಿಗೆ ಇಳಿದರೆ ಎಷ್ಟು? ನಾನು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. ಎಂಟು ವ್ಯಾಟ್. ಒಂದು ಎಲ್‌ಇಡಿ ಬಲ್ಬು, ಅದೂ ಕಷ್ಟಪಟ್ಟು.

ಈಗ ದೊಡ್ಡದನ್ನು ನೋಡಿ. 140 ಮೀಟರ್ ಅಡ್ಡಳತೆಯ ಮಿಷಿನ್ನಿನ ರೆಕ್ಕೆ ಒಂದು ಸುತ್ತಿಗೆ ಸವರುವ ಜಾಗ 15,000 ಚದರ ಮೀಟರಿಗಿಂತ ಜಾಸ್ತಿ. ನಮ್ಮ ಲೆಕ್ಕದಲ್ಲಿ 3 ಎಕರೆ 32 ಗುಂಟೆ. ನಿಮ್ಮ ದಿಣ್ಣೆ ಹೊಲಕ್ಕಿಂತ ದೊಡ್ಡ ಹೊಲವನ್ನು ಆಕಾಶಕ್ಕೆ ಎತ್ತಿ ನಿಲ್ಲಿಸಿ ಗಾಳಿ ಕೊಯ್ಯುತ್ತಾರೆ. ಹಾಗೆ ಮಾಡಿದರೂ ಪೂರ್ತಿ ಸಿಗುವುದಿಲ್ಲ. ಗಾಳಿಯಲ್ಲಿರುವುದರ 59.3 ಪರ್ಸೆಂಟಿಗಿಂತ ಜಾಸ್ತಿ ಯಾವ ಯಂತ್ರವೂ ತೆಗೆಯಲಾರದು ಅಂತ ಜರ್ಮನಿಯ ಬೆಟ್ಜ್ ನೂರು ವರ್ಷದ ಹಿಂದೆಯೇ ತೋರಿಸಿದ. ಯಾಕೆ ಅಂದರೆ, ನಾಲೆಗೆ ಅಡ್ಡ ಪೂರ್ತಿ ಹಲಗೆ ಇಟ್ಟರೆ ನೀರು ಪಕ್ಕಕ್ಕೆ ಹೊರಳುತ್ತದೆ ಅಲ್ವಾ? ಗಾಳಿಯೂ ಅಷ್ಟೇ. ಒಂದಿಷ್ಟು ಹಿಂದಕ್ಕೆ ಬಿಟ್ಟುಕೊಟ್ಟರೆ ಮಾತ್ರ ಮುಂದಿನದು ಬರುತ್ತದೆ.

ಟವೆಲ್ ಹಾರುವುದು ಒಂದೊಂದು ಬೀಸಿಗೆ. ನಿಮಗೆ ಬೇಕಾದದ್ದು ವರ್ಷಪೂರ್ತಿಯ ಸರಾಸರಿ. ದೊಡ್ಡವರು ಫ್ಯಾನ್ ಹಾಕುವ ಮೊದಲು ಕನಿಷ್ಠ ಒಂದು ವರ್ಷ ಕಂಬ ನಿಲ್ಲಿಸಿ ಗಾಳಿ ಅಳೆಯುತ್ತಾರೆ. ಏಜೆಂಟ್ ಅಳೆದನಾ?

ಮೇಲುಕೋಟೆರಸ್ತೆ | ಜುಲೈ 1, ಮಧ್ಯಾಹ್ನ 2:05

ಎಲ್ಲಿ ಸಾರ್. ಕೈ ಮೇಲೆತ್ತಿ "ಒಳ್ಳೆ ಗಾಳಿ" ಅಂದ, ಅಷ್ಟೇ. ಆಮೇಲೆ ಕಾಫಿ ಕುಡಿದು ಹೋದ.

ಸರಸ್ವತಿಪುರಂ3ನೇಮೇನ್ | ಜುಲೈ 1, ರಾತ್ರಿ 8:48

ಹೇಳಬಾರದು ಅಂದುಕೊಂಡಿದ್ದೆ, ಮರ್ಯಾದೆ ಪ್ರಶ್ನೆ. ಆದರೆ ಇನ್ನೊಬ್ಬರ ನಲವತ್ತು ಸಾವಿರ ಉಳಿಯುವುದಾದರೆ ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ ತಾರಸಿ ಮೇಲೆ ಇಂಥದ್ದೇ 400 ವ್ಯಾಟಿನದು ಹಾಕಿಸಿದೆ. ಇಪ್ಪತ್ತು ಅಡಿ ಜಿಐ ಪೈಪಿನ ಕಂಬ, ಮೂರು ಕಡೆ ತಂತಿ ಬಿಗಿತ. ಬೀದಿಯವರೆಲ್ಲ ಬಂದು ನೋಡಿದರು, ಫೋಟೋ ತೆಗೆದುಕೊಂಡರು. ಮೊದಲ ರಾತ್ರಿಯೇ ಗೊತ್ತಾಯಿತು. ಕಂಬದಿಂದ ಸೂರಿಗೆ, ಸೂರಿನಿಂದ ಮಂಚಕ್ಕೆ, ಗುಂಯ್ ಅಂತ ಸದ್ದು. ಕೆಳಗಿನ ಬಾಡಿಗೆಯವರು ಮೂರನೇ ದಿನಕ್ಕೆ ಮೆಟ್ಟಿಲು ಹತ್ತಿ ಬಂದರು. ಪಕ್ಕದ ಮನೆಯ ತೆಂಗಿನಮರ ನನ್ನ ಫ್ಯಾನಿಗಿಂತ ಎತ್ತರ. ಗಾಳಿ ಅದನ್ನು ಸವರಿಕೊಂಡು ಸುತ್ತಿ ಸುತ್ತಿ ಬರುತ್ತಿತ್ತು. ಫ್ಯಾನು ಒಮ್ಮೆ ಉತ್ತರ, ಒಮ್ಮೆ ದಕ್ಷಿಣ, ದಿಕ್ಕು ತಪ್ಪಿದ ದನದ ಹಾಗೆ.

ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಟ್ಟಿದ್ದೇನೆ. ಆಷಾಢದಲ್ಲಿ ಬಹಳ ಒಳ್ಳೆಯ ದಿನ ಅಂದರೆ ಅರ್ಧ ಯೂನಿಟ್. ಕಾರ್ತಿಕದಲ್ಲಿ ವಾರಗಟ್ಟಲೆ ಸೊನ್ನೆ. ಎರಡನೇ ವರ್ಷಕ್ಕೆ ಬೇರಿಂಗ್ ಹೋಯಿತು. ಮಾರಿದವರಿಗೆ ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿಲ್ಲ. ಹೋದ ವರ್ಷ ಅದೇ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ, ಕೇಂದ್ರದ ಸಬ್ಸಿಡಿ 78 ಸಾವಿರ ಬಂತು. ಬಿಸಿಲಿದ್ದ ದಿನ ಹನ್ನೆರಡು ಯೂನಿಟ್, ಸದ್ದಿಲ್ಲ. ಫ್ಯಾನಿನ ಕಂಬ ಇನ್ನೂ ಹಾಗೇ ನಿಂತಿದೆ. ಕಾಗೆ ಕೂರುತ್ತವೆ.

ಆಲೆಮನೆ | ಜುಲೈ 1, ರಾತ್ರಿ 9:30

ಅಂದರೆ ನಾನು ಹೇಳುತ್ತಾ ಬಂದದ್ದೇ ಸರಿ. ಈ ಗಾಳಿ ಕರೆಂಟೇ ಬೋಗಸ್. ಬೇಕಾದಾಗ ಬೀಸುವುದಿಲ್ಲ, ಬೇಡದಾಗ ಬೀಸುತ್ತದೆ. ಒಂದು ಫ್ಯಾನ್ ಮಾಡಲು ಖರ್ಚಾಗುವ ಕಬ್ಬಿಣ, ಸಿಮೆಂಟು, ಕರೆಂಟು ಅದರ ಜನ್ಮಕ್ಕೂ ವಾಪಸ್ ಬರುವುದಿಲ್ಲ. ಮಳೆ ಮೋಡವನ್ನೂ ಓಡಿಸುತ್ತವಂತೆ. ದುಡ್ಡಿದ್ದವರು ತೆರಿಗೆ ಉಳಿಸಲು ಆಡುವ ಆಟ.

ದೂರದೂರು | ಜುಲೈ 2, ನಸುಕು 1:15

ಆಲೆಮನೆ ಅಣ್ಣ, ಸ್ವಲ್ಪ ತಡೀರಿ. ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಬೆಳೆದವಳು, ಈಗ ಒಂಬತ್ತು ವರ್ಷದಿಂದ ಡೆನ್ಮಾರ್ಕಿನ ಆರ್ಹುಸ್‌ನಲ್ಲಿದ್ದೇನೆ. ಈ ದೇಶದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯದೇ. ಬೋಗಸ್ ಆಗಿದ್ದರೆ ಈ ಚಳಿಯಲ್ಲಿ ನಾವು ಬದುಕಿರುತ್ತಿರಲಿಲ್ಲ.

ಇವರೂ ಪ್ರೀತಿಯಿಂದ ಶುರು ಮಾಡಿದ್ದಲ್ಲ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಇವರ ಬುಡವೇ ಅಲ್ಲಾಡಿತು. ಎಲ್ಲವೂ ಹೊರಗಿನ ಎಣ್ಣೆಯ ಮೇಲೆ ನಿಂತಿತ್ತು. ಭಾನುವಾರ ಕಾರು ಓಡಿಸಬಾರದು ಅಂತ ಕಾನೂನು ಬಂತು. ಆಗ ಟ್ವಿಂಡ್ ಅನ್ನುವ ಕಡೆ ಒಂದು ಶಾಲೆಯ ಮೇಷ್ಟ್ರುಗಳು, ಮಕ್ಕಳು, ಸುಮ್ಮನೆ ಸಹಾಯಕ್ಕೆ ಬಂದವರು ಸೇರಿ 1975ರಿಂದ 78ರವರೆಗೆ ಕೈಯಾರೆ 2 ಮೆಗಾವ್ಯಾಟಿನ ಗಾಳಿಯಂತ್ರ ಕಟ್ಟಿದರು. ಆಗ ಅದು ಪ್ರಪಂಚದಲ್ಲೇ ದೊಡ್ಡದು. ಈಗಲೂ ತಿರುಗುತ್ತಿದೆ. ಅದೇ ಕಾಲದಲ್ಲಿ ಅಮೆರಿಕದಲ್ಲಿ ನಾಸಾದವರು ದೊಡ್ಡ ದೊಡ್ಡ ಮಾದರಿ ಮಾಡಿ, ಒಂದೂ ಬಹಳ ದಿನ ಬಾಳಲಿಲ್ಲ.

ನನಗೆ ಇಲ್ಲಿ ಜಾಸ್ತಿ ಹಿಡಿಸಿದ್ದು ಯಂತ್ರವಲ್ಲ, ಪಾಲುಗಾರಿಕೆ. ಕೋಪನ್‌ಹೇಗನ್ ಮುಂದೆ ಸಮುದ್ರದಲ್ಲಿ ಬಿಲ್ಲಿನ ಹಾಗೆ ಬಾಗಿದ ಸಾಲಿನಲ್ಲಿ ಇಪ್ಪತ್ತು ಫ್ಯಾನುಗಳಿವೆ, ಮಿಡಲ್‌ಗ್ರುಂಡನ್ ಅಂತ. 2000ದಲ್ಲಿ ಹಾಕಿದ್ದು. ಅದರಲ್ಲಿ ಅರ್ಧ ಎಂಟು ಸಾವಿರಕ್ಕೂ ಜಾಸ್ತಿ ಜನ ಸೇರಿ ಮಾಡಿಕೊಂಡ ಸಹಕಾರ ಸಂಘದ್ದು. ನಮ್ಮ ಹಾಲಿನ ಡೈರಿ ಇದ್ದ ಹಾಗೆ ಅನ್ನಿ. ಆಮೇಲೆ 2008ರಲ್ಲಿ ಒಂದು ಕಾನೂನು ಬಂತು. ಹೊಸ ಫ್ಯಾನ್ ಹಾಕುವವರು ಕನಿಷ್ಠ 20 ಪರ್ಸೆಂಟ್ ಪಾಲನ್ನು ಸುತ್ತಮುತ್ತಲಿನವರಿಗೆ ಮಾರಲು ಮುಂದಿಡಬೇಕು ಅಂತ. ಈಚೆಗೆ ಅದನ್ನು ಬದಲಾಯಿಸಿದ್ದಾರೆ. ಆದರೆ ಬಹಳ ವರ್ಷ ಅದು ಜಗಳ ಕಡಿಮೆ ಮಾಡಿತು ಅಂತ ಇಲ್ಲಿಯ ಹಳಬರು ಹೇಳುತ್ತಾರೆ. ತನ್ನ ಪಾಲು ಇರುವ ಫ್ಯಾನಿನ ಸದ್ದು ಕಿವಿಗೆ ಅಷ್ಟು ಚುಚ್ಚುವುದಿಲ್ಲ ನೋಡಿ.

ಗಾಳಿ ನಿಂತರೆ ಏನು ಮಾಡುತ್ತೀರಿ ಅಂತ ಕೇಳುತ್ತೀರಿ. ಸಮುದ್ರದ ಕೆಳಗೆ ನಾರ್ವೆಗೆ ಕೇಬಲ್ ಇದೆ, ಎಪ್ಪತ್ತರ ದಶಕದಿಂದ. ಇಲ್ಲಿ ಗಾಳಿ ಜಾಸ್ತಿ ಇದ್ದಾಗ ಅವರಿಗೆ ಕಳಿಸುತ್ತಾರೆ, ಅವರು ತಮ್ಮ ಅಣೆಕಟ್ಟಿನ ನೀರು ಹಿಡಿದಿಡುತ್ತಾರೆ. ಇಲ್ಲಿ ಗಾಳಿ ಬಿದ್ದಾಗ ಅವರು ನೀರು ಬಿಡುತ್ತಾರೆ. ಕರೆಂಟಿನ ರೇಟು ಗಂಟೆ ಗಂಟೆಗೂ ಬೇರೆ. ನಾನು ಮೊಬೈಲಿನಲ್ಲಿ ನೋಡಿಕೊಂಡು ರಾತ್ರಿ ಎರಡು ಗಂಟೆಗೆ ಬಟ್ಟೆ ಒಗೆಯುವ ಮಿಷಿನ್ ಹಾಕಿದ್ದಿದೆ. ಅಮ್ಮನಿಗೆ ಹೇಳಿದರೆ "ನಮ್ಮ ತ್ರೀ ಫೇಸ್ ಹಾಗೇ ಆಯಿತಲ್ಲೇ" ಅಂದರು.

ಮದ್ದೂರ್‌ವಡೆ | ಜುಲೈ 2, ಬೆಳಗ್ಗೆ 7:50

ಅಮ್ಮನಿಗೆ ಒಂದು ಪ್ಲೇಟ್ ವಡೆ ನನ್ನ ಲೆಕ್ಕದಲ್ಲಿ.

ಸೀಮೆಸುಣ್ಣ | ಜುಲೈ 2, ಸಂಜೆ 5:10

ದೂರದೂರು ಅವರು ಡೆನ್ಮಾರ್ಕ್ ಹೇಳಿದ್ದು ಒಳ್ಳೆಯದಾಯಿತು. ಆ ಕಥೆಯ ಬೇರೂ ಒಬ್ಬ ಮೇಷ್ಟ್ರೇ. ಆದರೆ ಗಾಳಿಯಿಂದ ಮೊದಲು ಕರೆಂಟ್ ತೆಗೆದವನು ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್, 1887ರ ಜುಲೈಯಲ್ಲಿ. ಅವನೂ ಮೇಷ್ಟ್ರು! ಮೇರಿಕರ್ಕ್ ಅನ್ನುವ ಹಳ್ಳಿಯ ತನ್ನ ಮನೆಯ ತೋಟದಲ್ಲಿ ಬಟ್ಟೆಯ ಹಾಯಿ ಕಟ್ಟಿದ ಗಾಳಿಯಂತ್ರ ನಿಲ್ಲಿಸಿ, ಬ್ಯಾಟರಿ ತುಂಬಿಸಿ, ಮನೆಗೆ ದೀಪ ಹಚ್ಚಿದ. ಉಳಿದ ಕರೆಂಟಿನಲ್ಲಿ ಊರ ಬೀದಿಗೂ ದೀಪ ಕೊಡುತ್ತೇನೆ ಅಂದರೆ, ಊರವರು ಇದು ಸೈತಾನನ ಕೆಲಸ ಅಂತ ಬೇಡ ಅಂದರಂತೆ. ಮರುವರ್ಷವೇ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಬ್ರಷ್ ದೇವದಾರು ಜಾತಿಯ ಮರದ 144 ರೆಕ್ಕೆಗಳ ದೈತ್ಯವನ್ನು ಕಟ್ಟಿದ. ಅಷ್ಟು ದೊಡ್ಡದರಿಂದ ಬಂದದ್ದು ಬರೀ 12 ಕಿಲೋವ್ಯಾಟ್.

ರೆಕ್ಕೆ ಜಾಸ್ತಿಯಾದರೆ ಕರೆಂಟ್ ಜಾಸ್ತಿ ಅಂತ ಎಲ್ಲರ ಎಣಿಕೆ. ಡೆನ್ಮಾರ್ಕಿನ ಆಸ್ಕೋವ್‌ನಲ್ಲಿ ರೈತರ ಮಕ್ಕಳ ಶಾಲೆಯ ಮೇಷ್ಟ್ರು ಪೌಲ್ ಲ ಕೂರ್ 1891ರಿಂದ ಪ್ರಯೋಗ ಮಾಡಿ, ಕಡಿಮೆ ರೆಕ್ಕೆ, ಜೋರು ತಿರುಗು, ಅದೇ ಲಾಭ ಅಂತ ತೋರಿಸಿದ. ಅವನ ಪಾಠ ಕೇಳಿದ ಯೊಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್‌ನಲ್ಲಿ ಮೂರು ರೆಕ್ಕೆಯ 200 ಕಿಲೋವ್ಯಾಟಿನದು ನಿಲ್ಲಿಸಿದ. ಹನ್ನೊಂದು ವರ್ಷ ಹೆಚ್ಚು ರಿಪೇರಿ ಕೇಳದೆ ಓಡಿತು. ನೀವು ಚಿತ್ರದುರ್ಗದಲ್ಲಿ ನೋಡಿದ್ದು ಅದರ ಮೊಮ್ಮಕ್ಕಳನ್ನು.

ಟವರ್‌ಹತ್ತಿದವ | ಜುಲೈ 2, ರಾತ್ರಿ 9:00

ಆಲೆಮನೆ ಅವರ ಮಾತಿಗೆ ಬರೋಣ.

ಮಾಡಲು ಹೋದ ಕರೆಂಟ್ ವಾಪಸ್ ಬರುವುದಿಲ್ಲ ಅನ್ನುವುದು ಸುಳ್ಳು. ಗಾಳಿ ಸಿಗುವ ಜಾಗದಲ್ಲಿ ಒಂದು ವರ್ಷದ ಆಸುಪಾಸಿನಲ್ಲಿ ತೀರುತ್ತದೆ, ಮಿಷಿನ್ನಿನ ಆಯಸ್ಸು ಇಪ್ಪತ್ತು ಇಪ್ಪತ್ತೈದು ವರ್ಷ. ಮೋಡದ ಮಾತು ನನಗೆ ಗುಡ್ಡದ ಕೆಳಗಿನ ಹಳ್ಳಿಯಲ್ಲೇ ಸಿಕ್ಕಿತ್ತು. ಮಳೆ ಕೈಕೊಟ್ಟ ಒಂದು ವರ್ಷ ನಮ್ಮ ಜೀಪನ್ನೇ ತಡೆದರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಮಳೆ ತರುವ ಮೋಡ ನೂರಾರು ಕಿಲೋಮೀಟರ್ ಅಗಲ, ಎಷ್ಟೋ ಕಿಲೋಮೀಟರ್ ಎತ್ತರದ ವ್ಯವಹಾರ. ಇನ್ನೂರು ಮೀಟರೊಳಗೆ ತಿರುಗುವ ರೆಕ್ಕೆ ಅದನ್ನು ಓಡಿಸಲಾರದು. ಫ್ಯಾನ್ ಬರುವ ಮೊದಲೂ ಚಿತ್ರದುರ್ಗ ಬರದ ಜಿಲ್ಲೆಯೇ.

ತೆರಿಗೆ ಆಟ ಅಂದಿರಲ್ಲ, ಅದು ಅರ್ಧ ನಿಜ. ಬಹಳ ವರ್ಷ ನಮ್ಮ ದೇಶದಲ್ಲಿ ತೆರಿಗೆ ರಿಯಾಯಿತಿಗಾಗಿಯೇ ಫ್ಯಾನ್ ಹಾಕಿ, ಕರೆಂಟ್ ಬಂದರೆಷ್ಟು ಬಿಟ್ಟರೆಷ್ಟು ಅಂತ ಇದ್ದವರಿದ್ದರು. ಹಳೇ ಮಿಷಿನ್ನುಗಳು ಅನಾಥವಾಗಿ ನಿಂತಿದ್ದಕ್ಕೆ ಅದೂ ಒಂದು ಕಾರಣ.

ಆದರೂ ಎಲ್ಲಿಂದ ಎಲ್ಲಿಗೆ ಬಂದೆವು ನೋಡಿ. 1986ರಲ್ಲಿ ಗುಜರಾತ್, ಮಹಾರಾಷ್ಟ್ರ, ತಮಿಳುನಾಡಿನ ಕರಾವಳಿಯಲ್ಲಿ 55 ಕಿಲೋವ್ಯಾಟಿನ ಪುಟ್ಟ ಯಂತ್ರಗಳಿಂದ ಶುರು. 2025ರ ಮಾರ್ಚ್ ಕೊನೆಗೆ ದೇಶದಲ್ಲಿ 50 ಸಾವಿರ ಮೆಗಾವ್ಯಾಟ್ ದಾಟಿದೆ. ಚೀನಾ, ಅಮೆರಿಕ, ಜರ್ಮನಿ ಬಿಟ್ಟರೆ ನಾವೇ. ಕರ್ನಾಟಕದ್ದು 7 ಸಾವಿರ ದಾಟಿದೆ. 2024-25ರ ಸಾಲಿನಲ್ಲಿ ಹೊಸದಾಗಿ ಹಾಕಿದ್ದರಲ್ಲಿ 1,331 ಮೆಗಾವ್ಯಾಟಿನೊಂದಿಗೆ ನಮ್ಮ ರಾಜ್ಯವೇ ಮೊದಲು. ಪ್ರಪಂಚದ್ದು 2023ರಲ್ಲಿ 10 ಲಕ್ಷ ಮೆಗಾವ್ಯಾಟ್ ದಾಟಿತು, ಅದರಲ್ಲಿ ಅರ್ಧಕ್ಕೆ ಹತ್ತಿರ ಚೀನಾ ಒಂದರದೇ. ಅಷ್ಟಾದರೂ ಪ್ರಪಂಚದ ಕರೆಂಟಿನಲ್ಲಿ ಗಾಳಿಯ ಪಾಲು ಸುಮಾರು 8 ಪರ್ಸೆಂಟ್ ಮಾತ್ರ. ಮೆಗಾವ್ಯಾಟ್ ಅನ್ನುವುದು ತಾಕತ್ತು, ಬೆಳೆಯಲ್ಲ. ನೂರು ಮೆಗಾವ್ಯಾಟ್ ಹಾಕಿದರೆ ವರ್ಷದ ಸರಾಸರಿ ಇಪ್ಪತ್ತೈದೋ ಮೂವತ್ತೋ ಸಿಗುತ್ತದೆ ಅಂತ ಇಟ್ಟುಕೊಳ್ಳಿ.

ಆಲೆಮನೆ | ಜುಲೈ 2, ರಾತ್ರಿ 9:41

ಸರಿ, ಮೋಡ ಬಿಟ್ಟೆ. ಆದರೆ ನಮಗೆ ಕರೆಂಟ್ ಬೇಕಾದದ್ದು ಮಾರ್ಚ್ ಏಪ್ರಿಲ್‌ನಲ್ಲಿ. ಕಬ್ಬು ಒಣಗುವುದು ಆಗ. ಆಷಾಢದಲ್ಲಿ ಕನ್ನಂಬಾಡಿ ತುಂಬಿದೆ, ಈ ಸಲ ಜೂನ್‌ನಲ್ಲೇ ಬಾಗಿನ ಬಿಟ್ಟಾಯಿತು. ಆಗ ಗಾಳಿ ಕರೆಂಟ್ ತಗೊಂಡು ಏನು ಮಾಡಲಿ, ಹಪ್ಪಳ ಸುಡಲಾ?

ಟವರ್‌ಹತ್ತಿದವ | ಜುಲೈ 2, ರಾತ್ರಿ 10:20

ದೂರದೂರು ಅವರು ನಾರ್ವೆ ಅಂದರಲ್ಲ, ನಮಗೂ ಒಂದು ನಾರ್ವೆ ಇದೆ. ಶರಾವತಿ. ಅಲ್ಲಿನ ದೊಡ್ಡ ಕೇಂದ್ರದ್ದೇ 1,035 ಮೆಗಾವ್ಯಾಟ್. ಆಷಾಢದಲ್ಲಿ ಗಾಳಿ ಕರೆಂಟ್ ಬರುತ್ತಿದ್ದರೆ ಲಿಂಗನಮಕ್ಕಿಯ ನೀರನ್ನು ಅಷ್ಟು ಬಿಡಬೇಕಾಗಿಲ್ಲ. ಆ ನೀರು ಮಾರ್ಚ್‌ಗೆ ಉಳಿಯುತ್ತದೆ. ನೀವು ಬೆಲ್ಲ ಮಾಡಿ ಅಟ್ಟದ ಮೇಲೆ ಇಡುವುದಿಲ್ಲವಾ, ಹಾಗೆ. ಕನ್ನಂಬಾಡಿಗೆ ಈ ಲೆಕ್ಕ ಹಾಕಬೇಡಿ, ಅದು ಗದ್ದೆಗೆ, ಕುಡಿಯಲು ಇರುವ ನೀರು.

ನಿಜವಾದ ತೊಂದರೆ ತಂತಿಯದು. ಗಾಳಿ ಇರುವ ಕಡೆ ಊರಿಲ್ಲ, ಊರಿರುವ ಕಡೆ ಗಾಳಿಯಿಲ್ಲ. ಕೀನ್ಯಾದ ತುರ್ಕಾನಾ ಸರೋವರದ ಹತ್ತಿರ 365 ಫ್ಯಾನು, 310 ಮೆಗಾವ್ಯಾಟ್, 2017ರಲ್ಲೇ ಸಿದ್ಧ. ಆದರೆ ನಾನೂರು ಚಿಲ್ಲರೆ ಕಿಲೋಮೀಟರ್ ಲೈನು ಎಳೆಯುವುದು ತಡವಾಗಿ 2018ರ ಸೆಪ್ಟೆಂಬರ್‌ವರೆಗೆ ಅಲ್ಲಿಂದ ಒಂದು ಯೂನಿಟ್ಟೂ ಊರಿಗೆ ಬರಲಿಲ್ಲ.

ಸೀಮೆಸುಣ್ಣ | ಜುಲೈ 3, ಬೆಳಗ್ಗೆ 8:15

ತಂತಿ ಮಾತು ಬಂದಮೇಲೆ ಮಂಡ್ಯ ಜಿಲ್ಲೆಯವರು ಎದೆ ಉಬ್ಬಿಸಬೇಕು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ, ನಮ್ಮವರು ಬ್ಲಫ್ ಅನ್ನುವ ಜಾಗದಿಂದ, ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ಲೈನ್ ಎಳೆದರು. ಆ ಕಾಲಕ್ಕೆ ಪ್ರಪಂಚದ ಉದ್ದನೆಯ ಲೈನುಗಳಲ್ಲಿ ಅದೂ ಒಂದು.

ಆಲೆಮನೆ | ಜುಲೈ 3, ಬೆಳಗ್ಗೆ 8:32

ಎದೆ ಉಬ್ಬಿಸಿ ಏನು ಮಾಡಲಿ ಮೇಷ್ಟ್ರೇ. ನೀರು ನಮ್ಮದು. ಕರೆಂಟ್ ಕೋಲಾರಕ್ಕೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ನಿಮ್ಮ ಮೈಸೂರಿಗೆ. ಬ್ಲಫ್‌ನಿಂದ ಕೂಗಳತೆಯ ನಮ್ಮ ಅಜ್ಜಿ ಊರಿನಲ್ಲಿ ನಮ್ಮಪ್ಪ ಬುಡ್ಡಿದೀಪದಲ್ಲೇ ಓದಿದ್ದು. ಈಗ ನಾನು ಕೇಳುವುದು ಒಂದೇ. ಚಿತ್ರದುರ್ಗದ ಗುಡ್ಡದ ಕೆಳಗಿನವರಿಗೆ ಏನು ಸಿಕ್ಕಿತು?

ಟವರ್‌ಹತ್ತಿದವ | ಜುಲೈ 3, ಮಧ್ಯಾಹ್ನ 12:50

ಈ ಪ್ರಶ್ನೆಗೆ ಹಾರಿಕೆ ಉತ್ತರ ಕೊಡುವುದಿಲ್ಲ. ಜಮೀನು ಕೊಟ್ಟವರಿಗೆ ದುಡ್ಡು ಸಿಕ್ಕಿತು. ಕೆಲವರಿಗೆ ಒಂದು ಸಲ, ಕೆಲವರಿಗೆ ವರ್ಷಾವರಿ ಗುತ್ತಿಗೆ. ಕಂಬದ ಬುಡ ಬಿಟ್ಟು ಉಳಿದ ಹೊಲದಲ್ಲಿ ಸಜ್ಜೆ, ಶೇಂಗಾ ಬೆಳೆದುಕೊಂಡರು. ಹತ್ತಾರು ಹುಡುಗರು ವಾಚ್‌ಮನ್ ಆದರು. ಬ್ಲೇಡ್ ಹೊತ್ತ ಟ್ರೇಲರಿಗೆ ತಿರುವು ಸಾಲದೆ ರಸ್ತೆ ಅಗಲವಾಯಿತು. ಒಮ್ಮೆ ಒಂದು ಹಳ್ಳಿಯ ತಿರುವಿನಲ್ಲಿ ಬ್ಲೇಡಿನ ತುದಿ ಅಂಗಡಿಯ ಶೀಟಿಗೆ ಒಂದು ಗೇಣು ಹತ್ತಿರ ಹೋಗಿ ನಿಂತಾಗ, ಅಂಗಡಿಯವರು ಒಳಗಿಂದ ಬಾಳೆಗೊನೆ ಎತ್ತಿಕೊಂಡು ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅಷ್ಟೇ. ಕರೆಂಟು ಅವರಿಗೂ ನಿಮಗಿದ್ದ ಪಾಳಿಯಲ್ಲೇ. ರಾತ್ರಿ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು, ಕೆಳಗೆ ಮನೆಗಳು ಕತ್ತಲು.

ದೂರದೂರು ಅವರು ಹೇಳಿದ 20 ಪರ್ಸೆಂಟ್ ಕಾನೂನು ಓದಿದಾಗ ನನಗೆ ಆ ಹಳ್ಳಿ ನೆನಪಾಯಿತು.

ಕುಕ್ಕರಹಳ್ಳಿಹಕ್ಕಿ | ಜುಲೈ 3, ಸಂಜೆ 6:25

ಗುಡ್ಡಕ್ಕೆ ಏನು ಸಿಕ್ಕಿತು ಅಂತಲೂ ಕೇಳಿ. ಕಪ್ಪತಗುಡ್ಡದಲ್ಲಿ ಫ್ಯಾನಿಗಾಗಿ ರಸ್ತೆ ಕೊರೆದದ್ದನ್ನು ನೋಡಿದ್ದೇನೆ, ಹುಲ್ಲುಗಾವಲು ಗಾಯವಾದ ಹಾಗೆ ಕಾಣುತ್ತದೆ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು, ಅಷ್ಟರಲ್ಲಿ ಸುಮಾರು ಆಗಿಹೋಗಿತ್ತು. ಹದ್ದು, ಗಿಡುಗಗಳು ನೆಲ ನೋಡಿಕೊಂಡು ಹಾರುತ್ತವೆ, ಎದುರಿನ ರೆಕ್ಕೆ ಕಾಣುವುದಿಲ್ಲ. ಹಳೇ ಬ್ಲೇಡುಗಳನ್ನು ಕರಗಿಸಲೂ ಆಗುವುದಿಲ್ಲ, ಗಾಜಿನ ನಾರು ಮತ್ತು ಅಂಟು. ನಾನು ಗಾಳಿ ಕರೆಂಟಿಗೆ ವಿರೋಧಿಯಲ್ಲ, ಕಲ್ಲಿದ್ದಲಿಗಿಂತ ಸಾವಿರ ಪಾಲು ಮೇಲು. ಆದರೆ ಕಾಡಿನ ಗುಡ್ಡ ಬಿಟ್ಟು ಬಯಲು ಹೊಲಗಳಲ್ಲಿ ಹಾಕಲಿ.

ಟವರ್‌ಹತ್ತಿದವ | ಜುಲೈ 3, ಸಂಜೆ 7:02

ಒಪ್ಪಿದೆ. ಈಗ ಟವರ್ ಎತ್ತರವಾಗಿರುವುದರಿಂದ ಹೊಸವು ಬಯಲಿಗೇ ಜಾಸ್ತಿ ಬರುತ್ತಿವೆ. ಸಮುದ್ರದ್ದು ನಮ್ಮಲ್ಲಿ ಇನ್ನೂ ಶುರುವಾಗಬೇಕು. ಗುಜರಾತ್, ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವ್ಯಾಟಿಗೆ ಕೇಂದ್ರ 2024ರಲ್ಲಿ ದುಡ್ಡು ಒಪ್ಪಿದೆ. ಡೆನ್ಮಾರ್ಕಿನವರು 1991ರಲ್ಲೇ ವಿಂಡೆಬಿಯಲ್ಲಿ ಹನ್ನೊಂದು ಹಾಕಿ, ಇಪ್ಪತ್ತೈದು ವರ್ಷ ಓಡಿಸಿ, 2017ರಲ್ಲಿ ಬಿಚ್ಚಿಯೂ ಆಯಿತು.

ಮೇಲುಕೋಟೆರಸ್ತೆ | ಜುಲೈ 5, ರಾತ್ರಿ 8:30

ಎಲ್ಲ ಓದಿದೆ, ಮಗಳಿಗೂ ಓದಿ ಹೇಳಿದೆ. ಏಜೆಂಟ್ ಇವತ್ತು ಬಂದಿದ್ದ. ಮೇಷ್ಟ್ರು ಹೇಳಿದ ಹಾಗೆ "ಒಂದು ವರ್ಷ ಗಾಳಿ ಅಳೆದು ಕೊಡಿ, ಆಮೇಲೆ ಅಡ್ವಾನ್ಸ್" ಅಂದೆ. ಈ ಸಲ ಕಾಫಿಗೂ ಕೂರಲಿಲ್ಲ. ಮೋಟರಿಗೆ ಕುಸುಮ್ ಯೋಜನೆಯ ಸೋಲಾರ್ ಸಿಗುತ್ತದಾ ಅಂತ ಸೋಮವಾರ ವಿಚಾರಿಸುತ್ತೇನೆ.

ಸರಸ್ವತಿಪುರಂ ಅಣ್ಣ, ನಿಮ್ಮ ಆ ಇಪ್ಪತ್ತಡಿ ಕಂಬ ಕೊಡುವ ಯೋಚನೆ ಇದೆಯಾ? ಬೋರ್‌ವೆಲ್ ಕೇಬಲ್ ಎರಡು ಸಲ ಕದ್ದಿದ್ದಾರೆ. ಕ್ಯಾಮೆರಾ ಹಾಕಲು ಕಂಬ ಹುಡುಕುತ್ತಿದ್ದೆ.

ಸರಸ್ವತಿಪುರಂ3ನೇಮೇನ್ | ಜುಲೈ 5, ರಾತ್ರಿ 9:05

ತಗೊಂಡು ಹೋಗಿ, ದುಡ್ಡು ಬೇಡ. ಬಿಚ್ಚಲು ಇಬ್ಬರು ಬೇಕು, ಉದ್ದನೆಯ ಹಗ್ಗ ತನ್ನಿ. ಲಗೇಜ್ ಆಟೋದಲ್ಲಿ ಹಿಡಿಯುವುದಿಲ್ಲ, ನಡುವೆ ಜಾಯಿಂಟ್ ಇದೆ, ಎರಡು ತುಂಡು ಮಾಡಬಹುದು. ಫ್ಯಾನೂ ಬೇಕಾದರೆ ಮಗಳಿಗೆ ಆಟಕ್ಕೆ ಕೊಂಡುಹೋಗಿ.

ಟವರ್‌ಹತ್ತಿದವ | ಜುಲೈ 5, ರಾತ್ರಿ 9:11

ಭಾನುವಾರ ಇಟ್ಟುಕೊಳ್ಳಿ, ನಾನು ಬರುತ್ತೇನೆ. ಬೆಲ್ಟ್ ಇನ್ನೂ ಇದೆ.

ಮದ್ದೂರ್‌ವಡೆ | ಜುಲೈ 5, ರಾತ್ರಿ 9:14

ಇಪ್ಪತ್ತಡಿಗೆ ಬೆಲ್ಟಾ ಅಣ್ಣ? ವಡೆ ನಾನು ತರುತ್ತೇನೆ.